ನಾಲ್ಕು ನಿಂಬೆಹಣ್ಣು, ಒಂದು ಲೈಸನ್ಸು

ಕುಡಿದು ಗಾಡಿ ಓಡಿಸಿದವರ ಪರ ವಕಾಲತ್ತು ಮಾಡುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ನಿಮಗೆ ಅನಿಸಿದರೆ, ನಮ್ಮ ಮನೆಯವರಿಗೂ ಹಾಗೇ ಅನಿಸುತ್ತಿತ್ತು. ಲಂಡನ್ನಿನ ವೆಂಬ್ಲಿಯಲ್ಲಿ ನಮ್ಮವರ ಯುಗಾದಿ ಊಟಕ್ಕೆ ಹೋದರೆ ಯಜಮಾನರು ನನ್ನನ್ನು 'ಸಾಲಿಸಿಟರ್' ಎಂದಷ್ಟೇ ಪರಿಚಯಿಸಿ ಮಾತು ಬದಲಿಸುತ್ತಿದ್ದರು. ಮನೆ ಕೊಳ್ಳುವ ಕಾಗದಪತ್ರ ಮಾಡುವವಳಿರಬೇಕೆಂದು ಜನ ಗೌರವದಿಂದ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಊಟ ಮುಗಿದು ಕೋಟು ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಬದಿಗೆ ಕರೆದು, "ಸುನಂದಕ್ಕ, ನನ್ನ ಫ್ರೆಂಡ್ ಒಬ್ಬ ಇದ್ದಾನೆ..." ಎಂದು ಶುರು ಮಾಡುತ್ತಿದ್ದರು. ಆ ಫ್ರೆಂಡ್ ಯಾವಾಗಲೂ ಅವರೇ ಆಗಿರುತ್ತಿದ್ದರು.

ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಬರಲಿರುವ ನಮ್ಮ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಆಂಟಿ, ಕ್ರಿಮಿನಲ್ ಡಿಫೆನ್ಸ್ ಹೇಗಿರುತ್ತೆ, ಟಿವಿಲಿ ತೋರಿಸೋ ಹಾಗಾ?" ಎಂದು ಕೇಳುತ್ತಾರೆ. ಅಲ್ಲಮ್ಮ. ಟಿವಿಯಲ್ಲಿ ಕಟಕಟೆಯಲ್ಲಿ ನಿಂತವನು ಅಳುತ್ತಾನೆ. ನಮ್ಮಲ್ಲಿ ಅವನು ಪಾರ್ಕಿಂಗ್ ಟಿಕೆಟ್‌ನ ಅವಧಿ ಮುಗಿಯುತ್ತದೆಂದು ಗಡಿಯಾರ ನೋಡುತ್ತಿರುತ್ತಾನೆ. ಲೈಸನ್ಸ್ ಹೋಗುವ ದಿನವೂ ಕಾರಿನಲ್ಲೇ ಕೋರ್ಟಿಗೆ ಬಂದು, ವಾಪಸ್ ಹೇಗೆ ಹೋಗುವುದೆಂದು ನನ್ನನ್ನೇ ಕೇಳಿದವರಿದ್ದಾರೆ.

ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕುಡಿದವನ ಗಾಡಿಯ ಕೆಳಗೆ ಇನ್ನೊಬ್ಬರ ಮನೆಯ ಮಗು ಬಂದಂಥ ಕೇಸುಗಳನ್ನೂ ನಾನು ಮಾಡಿದ್ದೇನೆ. ಅವು ದೊಡ್ಡ ಕೋರ್ಟಿಗೆ ಹೋಗುತ್ತವೆ, ಜೈಲಾಗುತ್ತದೆ, ಆಗಲೇಬೇಕು. ಅವನ್ನು ಇಲ್ಲಿ ಬರೆಯುವುದಿಲ್ಲ. ನಗಿಸುವುದಕ್ಕೆ ಕೂತವಳು ಅವರ ಹೆಸರೆತ್ತಬಾರದು.

ನನ್ನದು ಧಾರವಾಡದ ಎಲ್‌ಎಲ್‌ಬಿ. ಮದುವೆಯಾಗಿ ಇಲ್ಲಿಗೆ ಬಂದು, ಮತ್ತೆ ಪರೀಕ್ಷೆ ಬರೆದು, ವೆಂಬ್ಲಿಯಲ್ಲಿ ಒಂದು ಸೀರೆ ಅಂಗಡಿಯ ಮೇಲಿದ್ದ ಪುಟ್ಟ ಆಫೀಸಿಗೆ ಸೇರಿದೆ. ನಮ್ಮ ಹಿರಿಯ ವಕೀಲರು ಹಾರ್ಗ್ರೀವ್ಸ್ ಎಂಬ ಇಂಗ್ಲಿಷ್ ಮುದುಕರು. ಅವರು ಜೀವನದಲ್ಲಿ ಒಂದು ಹನಿ ಕುಡಿದವರಲ್ಲ, ಕಾರು ಓಡಿಸಲು ಕಲಿತವರೂ ಅಲ್ಲ. ಬಸ್ಸಿನಲ್ಲಿ ಬಂದು, ಸಕ್ಕರೆಯಿಲ್ಲದ ಚಹಾ ಕುಡಿದು, ಊರಿನ ಕುಡುಕ ಚಾಲಕರನ್ನೆಲ್ಲ ಕಾಪಾಡಿ, ಬಸ್ಸಿನಲ್ಲಿ ವಾಪಸ್ ಹೋಗುತ್ತಿದ್ದರು. "ಈ ಎರಡನ್ನೂ ಮಾಡದವನಿಗೇ ಈ ಕೆಲಸ ಬೇಸರವಿಲ್ಲದೆ ಮಾಡಲು ಸಾಧ್ಯ" ಎನ್ನುತ್ತಿದ್ದರು. ನನಗೆ ಸಿಟ್ಟು ಬಂದಾಗಲೆಲ್ಲ ಕಿಟಕಿ ತೆರೆಯುತ್ತಿದ್ದರು. ಹಾಗಾಗಿ ಆ ಆಫೀಸಿನಲ್ಲಿ ಚಳಿಗಾಲದಲ್ಲೂ ಗಾಳಿ ಚೆನ್ನಾಗಿ ಆಡುತ್ತಿತ್ತು.

ಸಿಟ್ಟು ಬರದೆ ಏನು ಮಾಡುತ್ತದೆ? ನಮ್ಮ ಜನ ಹೇಳುವ ಕಥೆಗಳನ್ನು ಕೇಳಬೇಕು ನೀವು. ಬೇರೆಯವರು ಕೆಮ್ಮಿನ ಔಷಧ ಎನ್ನುತ್ತಾರೆ. ನಮ್ಮವರು ಅರಿಷ್ಟ ಎನ್ನುತ್ತಾರೆ. ಊರಿಂದ ಅತ್ತೆ ತಂದ ದಶಮೂಲಾರಿಷ್ಟ, ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಇರುತ್ತಂತೆ, ಅದಕ್ಕೇ ಉಸಿರು ಅಳೆಯುವ ಮೆಷಿನ್ ತಪ್ಪು ತೋರಿಸಿದೆ. ಒಬ್ಬ ಮಹಾರಾಯ ಈ ಹಟ ಬಿಡಲೇ ಇಲ್ಲ. ಹಾರ್ಗ್ರೀವ್ಸ್ ಬಾಟಲಿಯನ್ನು ತಜ್ಞರಿಗೆ ಕಳಿಸಿದರು. ವರದಿ ಬಂತು. ಮೆಷಿನ್ ತೋರಿಸಿದಷ್ಟು ಬರಬೇಕಾದರೆ ಈ ಔಷಧವನ್ನು ಬಕೆಟ್‌ನಲ್ಲಿ ಕುಡಿಯಬೇಕು, ಹಾಗೆ ಕುಡಿದಿದ್ದೇ ನಿಜವಾದರೆ ದಯವಿಟ್ಟು ಅವರ ಹೊಟ್ಟೆ ಈಗ ಹೇಗಿದೆ ತಿಳಿಸಿ ಎಂದು ಕೊನೆಯಲ್ಲಿ ಬರೆದಿತ್ತು. ಕಕ್ಷಿದಾರ ಅದನ್ನು ಓದಿ, "ಹಾಗಾದ್ರೆ ಚ್ಯವನಪ್ರಾಶ ಅನ್ನೋಣ್ವಾ ಮೇಡಂ?" ಎಂದು ಕೇಳಿದ. ಹಾರ್ಗ್ರೀವ್ಸ್ ಎದ್ದು ಹೋಗಿ ಕಿಟಕಿ ತೆರೆದರು.

ಇನ್ನೊಬ್ಬನ ಹೆಸರು ಕೂಗಿದಾಗ ಕಟಕಟೆಗೆ ಹೋಗಿ ನಿಂತದ್ದು ಅವನ ಅಣ್ಣ. ನಾನು ಕಾಗದದಿಂದ ತಲೆಯೆತ್ತಿ ನೋಡಿ ಬೆಚ್ಚಿಬಿದ್ದೆ. ಆಮೇಲೆ ಕಾರಿಡಾರಿನಲ್ಲಿ ತರಾಟೆಗೆ ತೆಗೆದುಕೊಂಡರೆ, "ತಮ್ಮ ಇನ್ನೂ ಚಿಕ್ಕವನು ಮೇಡಂ, ಅವನಿಗೆ ಮಾತಾಡೋಕೆ ಬರಲ್ಲ. ಮನೆಗೆ ದೊಡ್ಡವನು ನಾನಿದ್ದೀನಲ್ಲ, ನಾನೇ ಒಂದು ಕ್ಷಮೆ ಕೇಳಿಬಿಟ್ಟರೆ ಆಯ್ತು ಅಂತ" ಎಂದ. ಆ ಚಿಕ್ಕವನಿಗೆ ತಲೆಯೆಲ್ಲ ಬೆಳ್ಳಗಾಗಿತ್ತು.

ಕೆಲಸದ ರೀತಿಯೂ ಬದಲಾಯಿತು. ಮೊದಲು ಪೊಲೀಸನು ಬರೆದುಕೊಂಡ ನಾಲ್ಕು ಸಾಲನ್ನು ಹಿಡಿದು ಜಗ್ಗಾಡುತ್ತಿದ್ದೆವು. ಕಕ್ಷಿದಾರ ತೂರಾಡುತ್ತಿದ್ದ ಎಂದು ಅವರು ಬರೆದರೆ, ಮಂಡಿನೋವು ಎಂದು ನಾವು ಹೇಳಬಹುದಿತ್ತು. ಈಗ ಪೊಲೀಸರ ಎದೆಯ ಮೇಲೇ ಕ್ಯಾಮೆರಾ. ಮಂಡಿನೋವಿನವನು ಲೈಟ್ ಕಂಬಕ್ಕೆ ನಮಸ್ಕಾರ ಮಾಡುವುದನ್ನು ಇಡೀ ಕೋರ್ಟೇ ನೋಡುತ್ತದೆ. ಬಸವರಾಜನ ಕೇಸಿನಲ್ಲಿ ಆ ಕ್ಯಾಮೆರಾದಲ್ಲಿ ಏನಿತ್ತೆಂದು ಹೇಳಿದರೆ ನೀವು ನಂಬಲಾರಿರಿ. ಪೊಲೀಸ್ ಹುಡುಗ ಉಸಿರಿನ ಪರೀಕ್ಷೆ ಮಾಡುವಾಗ ಅವನ ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಮತ್ತು ತೆಂಗಿನ ಹೋಳು ಇದ್ದವು.

ಬಸವರಾಜ ಗದಗದ ಕಡೆಯವನು. ಹೆಂಡತಿ ಸವಿತಾಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಜೊತೆಗೆ ಬಂದ. ಊರಲ್ಲಿ ಆಫೀಸಿನಲ್ಲಿ ಕೂತಿದ್ದವನು, ಇಲ್ಲಿ ಪಾರ್ಕ್ ರಾಯಲ್‌ನ ಒಂದು ಗೋದಾಮಿನಿಂದ ಅಂಗಡಿ ಅಂಗಡಿಗೆ ಹಿಟ್ಟು, ಬೇಳೆ ತಲುಪಿಸುವ ವ್ಯಾನ್ ಓಡಿಸುತ್ತಿದ್ದ. ಕಿಂಗ್ಸ್‌ಬರಿಯಲ್ಲಿ ಮನೆ, ಇಬ್ಬರು ಮಕ್ಕಳು. ಅವನ ತಾಯಿ ನೀಲವ್ವ ಊರಿಂದ ಬಂದಿದ್ದರು. ಕೊರಳಲ್ಲಿ ಲಿಂಗ, ಹಣೆತುಂಬ ವಿಭೂತಿ, ಪೂಜೆಯಾಗದೆ ನೀರನ್ನೂ ಮುಟ್ಟದ ಹೆಂಗಸು. ಮಗ ಕುಡಿಯುತ್ತಾನೆಂಬುದು ಅವರಿಗೆ ಗೊತ್ತಿರಲಿಲ್ಲ. ಅವನು ಬಿಯರನ್ನು ಸ್ಟೀಲಿನ ಲೋಟದಲ್ಲಿ ಹಾಕಿಕೊಂಡು, ಆಗಾಗ ಊದಿ, ಚಹಾದಂತೆ ಕುಡಿಯುತ್ತಿದ್ದ.

ಅವತ್ತು ಭಾನುವಾರ. ಮನೆಗೆ ಹೊಸದಾಗಿ ಒಂದು ಕಾರು ಬಂದಿತ್ತು. ಹಳೆಯದೇ, ಇವರಿಗೆ ಹೊಸದು. ಸ್ನೇಹಿತರು ಕೂಡಿದ್ದರು, ಕ್ರಿಕೆಟ್ ಮ್ಯಾಚ್ ನಡೆದಿತ್ತು, ಇವನ ಲೋಟ ಊದುವ ಕಾರ್ಯಕ್ರಮವೂ ನಡೆದಿತ್ತು. ಸಂಜೆ ಬೇರೆಲ್ಲೂ ಹೋಗುವುದಿಲ್ಲವೆಂದೇ ಕುಡಿದೆ ಎಂದು ನನ್ನ ಮುಂದೆ ಹೇಳಿದ. ಆದರೆ ಪೂಜೆಯಾಗದ ಗಾಡಿ ಬಾಗಿಲಲ್ಲಿ ನಿಲ್ಲಬಾರದು ಎಂದು ನೀಲವ್ವ ಹಟ ಹಿಡಿದರು. ಅಯ್ಯನವರು ಯಾರೂ ಸಿಗಲಿಲ್ಲ. ಅಲ್ಲೇ ಇದ್ದ ಬೆಂಗಳೂರಿನ ಶ್ರೀನಿವಾಸ್ ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಭಾನುವಾರ ಮಂತ್ರ ಹೇಳುವವನು, ಒಪ್ಪಿಕೊಂಡ. ರಾಹುಕಾಲ ಯಾವಾಗ ಎಂಬುದರ ಮೇಲೆ ಅವನ ಫೋನಿಗೂ ನೀಲವ್ವನ ಗೋಡೆ ಕ್ಯಾಲೆಂಡರಿಗೂ ಜಗಳವಾಯಿತು. ಕೊನೆಗೆ ಅದು ಶುರುವಾಗಲು ಇನ್ನು ಐದೇ ನಿಮಿಷ ಉಳಿದಿದೆ ಎಂಬಲ್ಲಿ ಇಬ್ಬರೂ ಒಂದಾದರು.

ಕಾರು ಮನೆಯ ಮುಂದಿನ ರಸ್ತೆಯ ಅಂಚಿನಲ್ಲಿತ್ತು. ಹಾರ ಹಾಕಿದರು, ಊದುಬತ್ತಿ ಹಚ್ಚಿದರು, ಬೂದುಗುಂಬಳಕಾಯಿಗೆ ತೂತು ಮಾಡಿ ಕುಂಕುಮ ತುಂಬಿ ದೃಷ್ಟಿ ತೆಗೆದು ರಸ್ತೆಗೆ ಅಪ್ಪಳಿಸಿದರು. ನಾಲ್ಕು ಗಾಲಿಗೂ ನಾಲ್ಕು ನಿಂಬೆಹಣ್ಣು ಇಟ್ಟರು. ಗಾಡಿ ಅವುಗಳ ಮೇಲೆ ಹಾಯಬೇಕಲ್ಲ, ಓಡಿಸುವವರು ಯಾರು? ಸವಿತಾಗೆ ಇನ್ನೂ ಲೈಸನ್ಸ್ ಇರಲಿಲ್ಲ. "ಯಜಮಾನರೇ ಕೂತ್ಕೋಬೇಕು" ಎಂದ ಶ್ರೀನಿವಾಸ್. ಬಸವರಾಜ ಕೂತ. ಗಾಡಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತಿತು. ನಿಂಬೆಹಣ್ಣು ಅಪ್ಪಚ್ಚಿಯಾದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎದುರು ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಒಳ್ಳೆಯ ಹೆಂಗಸು. ಕಿಟಕಿಯಿಂದ ನೋಡಿದರೆ ಕಾರಿನಿಂದ ಹೊಗೆ, ಅದರ ಮುಂದೆ ರಸ್ತೆಯ ಮೇಲೆ ಒಡೆದು ಚೆಲ್ಲಿದ ಏನೋ ಒಂದು, ಸುತ್ತ ಕೆಂಪು, ಜನ ಗುಂಪುಗೂಡಿದ್ದಾರೆ. ಪಾಪ, ಪೊಲೀಸರಿಗೆ ಫೋನ್ ಮಾಡಿದಳು. ಹತ್ತಿರದಲ್ಲೇ ಇದ್ದ ಪೊಲೀಸ್ ಕಾರು ಬಂತು. ಅದರಿಂದ ಇಳಿದ ಹುಡುಗನ ಮುಖ ಬಿಳುಚಿಕೊಂಡಿತ್ತು. "ಯಾರಿಗೆ ಪೆಟ್ಟಾಯಿತು?" ಎಂದು ಕೇಳಿದ. ನಮ್ಮ ಬಸವರಾಜ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರ, "ಬರೀ ಸ್ವಲ್ಪ ಬಿಯರ್ ಸರ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಪಕ್ಕದಲ್ಲೇ ನಿಜವಾದ ಕುಂಬಳಕಾಯಿ ಬಿದ್ದಿರುವಾಗ ಹೀಗೆ ಹೆಗಲು ಮುಟ್ಟಿಕೊಂಡವರಲ್ಲಿ ನಾನು ನೋಡಿದ್ದು ಅವನೊಬ್ಬನನ್ನೇ.

ಇಂಗ್ಲಿಷ್ ಬಾರದ ನೀಲವ್ವ ಬಂದವನು ಅತಿಥಿಯೆಂದು ಪ್ರಸಾದ ಕೊಟ್ಟರು. ಮಗನನ್ನು ಪೊಲೀಸ್ ಕಾರಿನಲ್ಲಿ ಕರೆದೊಯ್ಯುವಾಗ, ರಸ್ತೆ ಹೊಲಸು ಮಾಡಿದ್ದಕ್ಕೆ ದಂಡ ಕಟ್ಟಲು ಹೋಗುತ್ತಿದ್ದಾನೆಂದು ಅವರಿಗೆ ತಿಳಿಸಲಾಯಿತು.

ಕಾನೂನು ಸ್ವಲ್ಪ ಹೇಳಲೇಬೇಕು. ಇಲ್ಲಿ ಕುಡಿದು ಓಡಿಸಿದ್ದು ಖಚಿತವಾದರೆ ಕನಿಷ್ಠ ಒಂದು ವರ್ಷ ಲೈಸನ್ಸ್ ರದ್ದು. ಒಂದು ಮೈಲಿಯಾದರೂ ಅಷ್ಟೇ, ಎರಡು ಹೆಜ್ಜೆಯಾದರೂ ಅಷ್ಟೇ. ಆದರೆ ಒಂದು ಕಿಂಡಿಯಿದೆ. ಓಡಿಸಿದ ದೂರ ತೀರ ಕಡಿಮೆಯಿದ್ದು, ಯಾರಿಗೂ ಅಪಾಯವಾಗುವಂತಿರದೆ, ಮುಂದೆ ಓಡಿಸುವ ಉದ್ದೇಶವೂ ಇರಲಿಲ್ಲವೆಂದು ನಾವು ತೋರಿಸಿಕೊಟ್ಟರೆ, ಅದನ್ನು ವಿಶೇಷ ಕಾರಣವೆಂದು ಪರಿಗಣಿಸಿ ಲೈಸನ್ಸ್ ಉಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ತಪ್ಪು ಒಪ್ಪಿಕೊಂಡು, ಆ ಕಿಂಡಿಯಲ್ಲಿ ತೂರಬೇಕು. ಲೈಸನ್ಸ್ ಹೋದರೆ ವ್ಯಾನ್ ಹೋಗುತ್ತದೆ, ವ್ಯಾನ್ ಹೋದರೆ ಕೆಲಸ ಹೋಗುತ್ತದೆ. ನಾನು ಬಸವರಾಜನಿಗೆ ಹೇಳಿದೆ, "ನಿಮ್ಮ ಅವ್ವನ್ನ ಸಾಕ್ಷಿ ಹಾಕೋಣು. ನಿಂಬಿಹಣ್ಣು ಇಟ್ಟಾಕಿ ಆಕೀನ."

ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಬ್ಯಾಡ್ರಿ ಅಕ್ಕಾರ. ನಾ ಕುಡೀತೀನಿ ಅಂತ ಅವ್ವಗ ಗೊತ್ತಾದ್ರ ಮುಗೀತು. ಲೈಸನ್ಸ್ ಹೋದ್ರ ಹೋಗ್ಲಿ."

"ನೌಕರಿ ಹೋದ್ರ ಆಕಿಗೆ ಏನಂತ ಹೇಳ್ತಿ?"

"ರಜಾ ಹಾಕೀನಿ ಅಂತೀನ್ರಿ."

"ಒಂದು ವರ್ಷ ರಜಾ?"

"ಆಕಿ ದೀಪಾವಳಿ ಮುಂದ ಊರಿಗೆ ಹೋಗ್ತಾಳ್ರಿ."

ನಾನೇ ಎದ್ದು ಹೋಗಿ ಕಿಟಕಿ ತೆರೆದುಕೊಂಡೆ. ಹಾರ್ಗ್ರೀವ್ಸ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ಸಾಕ್ಷಿಗಳ ಪಟ್ಟಿಯಲ್ಲಿ ನೀಲವ್ವನ ಹೆಸರು ಬಿಡಲಿಲ್ಲ, ಕನ್ನಡದ ದುಭಾಷಿಯನ್ನೂ ಗೊತ್ತು ಮಾಡಿಸಿದೆ. ಬೇಡವಾದರೆ ಕರೆಯದಿದ್ದರಾಯಿತು, ಬೇಕಾದಾಗ ಇಲ್ಲವೆಂದರೆ ಏನು ಮಾಡುವುದು? ಬಸವರಾಜನಿಗೆ ಇದು ಗೊತ್ತಾಗಿ ನನ್ನ ಮೇಲೆ ಮುನಿಸಿಕೊಂಡ. ಮುನಿಸಿಕೊಳ್ಳಲಿ ಎಂದು ಬಿಟ್ಟೆ.

ವಿಚಾರಣೆಯ ದಿನ ಶ್ರೀನಿವಾಸ್ ನಮ್ಮ ಮುಖ್ಯ ಸಾಕ್ಷಿ. ಮೂವರು ಮ್ಯಾಜಿಸ್ಟ್ರೇಟರು ಕೂತಿದ್ದರು. ನಡುವೆ ಇದ್ದಾಕೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡುವ ಹೆಂಗಸು. "ನಿಂಬೆಹಣ್ಣು ಯಾತಕ್ಕೆ?" ಎಂದು ಕೇಳಿದರು. ದೃಷ್ಟಿ ಎಂದರೇನು, ಅದು ಹೇಗೆ ತಾಗುತ್ತದೆ ಎಂದು ಶ್ರೀನಿವಾಸ್ ಸುದೀರ್ಘವಾಗಿ ವಿವರಿಸಿದ. "ಮತ್ತೆ ಕುಂಬಳಕಾಯಿ?" "ಅದೂ ಅದಕ್ಕೇ, ಆದರೆ ದೊಡ್ಡ ದೃಷ್ಟಿಗೆ." ಆಕೆ ಬರೆದುಕೊಂಡರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಸರ್ಕಾರದ ಪರ ಇದ್ದವನು ಎಳೆಯ ವಕೀಲ, ಮೆದು ದನಿ, ಅಂಥವರೇ ಅಪಾಯ. "ನಿಮ್ಮ ಸಂಪ್ರದಾಯ ನನಗೆ ಬಹಳ ಕುತೂಹಲ ಹುಟ್ಟಿಸಿದೆ. ಪೂಜೆ ಆದ ಮೇಲೆ ಸಾಮಾನ್ಯವಾಗಿ ಏನು ಮಾಡುತ್ತೀರಿ?" ಎಂದ. ಸುಳ್ಳು ಹೇಳಿ ಗೊತ್ತಿಲ್ಲದ ಶ್ರೀನಿವಾಸ್ ಉತ್ಸಾಹದಿಂದ, "ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಹೋಗಿ ಒಂದು ರೌಂಡ್ ಬರ್ತೀವಿ. ಹಾಗೆ ಮಾಡಿದರೇ ಪೂಜೆ ಪೂರ್ತಿ" ಎಂದುಬಿಟ್ಟ.

ಮುಂದೆ ಓಡಿಸುವ ಉದ್ದೇಶವಿರಲಿಲ್ಲ ಎಂಬುದೇ ನಮ್ಮ ಕೇಸು. ನಮ್ಮ ಪೂಜಾರಿಯೇ ಅದಕ್ಕೆ ಮಂಗಳಾರತಿ ಮಾಡಿದ್ದ. ದೇವಸ್ಥಾನಕ್ಕೆ ಹೋಗುವ ಯೋಚನೆಯೇ ಇರಲಿಲ್ಲವೆಂದು ಬಸವರಾಜ ಆಗಲೇ ಹೇಳಿದ್ದ. ಅದನ್ನು ಯಾರು ನಂಬುತ್ತಾರೆ? ಹತ್ತು ನಿಮಿಷ ಬಿಡುವು ಕೇಳಿದೆ.

ಬಸವರಾಜನ ಹತ್ತಿರ ಹೋದರೆ ಅವನು ಬೂಟು ನೋಡುತ್ತ ನಿಂತಿದ್ದ. ಮಾತಾಡಿದ್ದು ಸವಿತಾ. "ಅವ್ವಗ ನಾಚ್ಕೊಂಡು ಮಕ್ಕಳ ಅನ್ನಕ್ಕ ಕಲ್ಲು ಹಾಕ್ತಿ ಏನು? ನೀವು ಕರೀರಿ ಅಕ್ಕಾರ." ಅವನು ಬೂಟಿನಿಂದ ಕಣ್ಣು ತೆಗೆಯದೆ ತಲೆಯಾಡಿಸಿದ.

ಸಾಕ್ಷಿಗಳು ಸರದಿ ಬರುವವರೆಗೆ ಹೊರಗಿರಬೇಕು. ರಸ್ತೆ ಹೊಲಸು ಮಾಡಿದ ಕೇಸೆಂದೇ ಮಗ ಹೇಳಿ ಕರೆತಂದಿದ್ದ ನೀಲವ್ವ ಕಾರಿಡಾರಿನ ಬೆಂಚಿನ ಮೇಲೆ ದುಭಾಷಿ ಗ್ಲ್ಯಾಡಿಸ್ ಬಾಯಿಯ ಪಕ್ಕ ಕೂತಿದ್ದರು. ಗ್ಲ್ಯಾಡಿಸ್ ಬಾಯಿ ಉಡುಪಿ ಕಡೆಯ ಕೆಥೊಲಿಕ್ ಹೆಂಗಸು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತ ಅಚ್ಚುಕಟ್ಟು ಕನ್ನಡ. ನನ್ನನ್ನು ನೋಡಿದ್ದೇ ನೀಲವ್ವ, "ನಿಮ್ಮ ಮಾರಿ ಯಾಕ ಹಿಂಗ ಆಗೇತ್ರಿ? ನನ್ನ ಕರೀರಿ ಒಳಗ" ಎಂದರು.

"ಅಲ್ಲಿ ಎಲ್ಲಾ ಕೇಳ್ತಾರ ನೀಲವ್ವಾರ. ಖರೇ ಹೇಳಬೇಕಾಗ್ತದ."

"ಲಿಂಗ ಮುಟ್ಟಿ ಹೇಳಾಕಿ ನಾನು. ಸುಳ್ಳು ಎಲ್ಲಿಂದ ಬರಬೇಕು?"

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬೇಡ ಎಂಬುದು ಈ ವೃತ್ತಿಯ ಮೊದಲ ಪಾಠ. ನೀವೂ ಕಲಿಯಿರಿ, ಮುರಿಯಬೇಡಿ. ನಾನು ಅವತ್ತು ಮುರಿದೆ, ಬೇರೆ ದಾರಿ ಇರಲಿಲ್ಲ.

ನೀಲವ್ವ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದರು. ಗಾಡಿ ನಿಂತ ಮೇಲೆ ಏನಾಯಿತೆಂದು ಕೇಳಿದೆ.

"ಏನಾಗೂದು? ಬಾಗಲಾ ತಗದು ಕೀಲಿ ಕಸಗೊಂಡೆ. ಸೊಂಟಕ್ಕ ಸಿಗಿಸಿಕೊಂಡೆ."

ಗ್ಲ್ಯಾಡಿಸ್ ಬಾಯಿ ತಡೆದು, "ಅಮ್ಮ, ಸ್ವಲ್ಪ ನಿಧಾನ ಹೇಳಿ ಆಯ್ತಾ" ಎಂದರು. ನೀಲವ್ವ ಪೆದ್ದ ಮಗುವಿಗೆ ಹೇಳುವಂತೆ ಸೊಂಟ ಮುಟ್ಟಿ ತೋರಿಸಿ ಮತ್ತೆ ಹೇಳಿದರು.

"ಕೀಲಿ ಯಾಕೆ ತೆಗೆದುಕೊಂಡಿರಿ?"

"ಅಂವ ಕುಡದಿದ್ನಲ್ರಿ."

ಹಿಂದೆ ಬಸವರಾಜ ಕೂತ ಕುರ್ಚಿ ಕಿರ್ರೆಂದಿತು. ಗ್ಲ್ಯಾಡಿಸ್ ಬಾಯಿ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ನನಗೂ ಅವನಿಗೂ ಅರ್ಥವಾಗಿತ್ತು. ಉಳಿದ ಕೋರ್ಟು ಆಮೇಲೆ ತಲೆಯೆತ್ತಿತು.

"ಅದು ನಿಮಗೆ ಹೇಗೆ ಗೊತ್ತು?"

"ಬಾಯಿ ತುಂಬ ಏಲಕ್ಕಿ ಹಾಕ್ಕೊಂಡಿದ್ದ. ಸಣ್ಣಾಂವ ಇದ್ದಾಗಿಂದ ಏಲಕ್ಕಿ ಅಂದ್ರ ಆಗಿ ಬರೂದಿಲ್ಲ ಅವಗ, ಪಾಯಸದಾಗಿಂದು ಆರಿಸಿ ಒಗೀತಾನ. ಅವರಪ್ಪನೂ ಕುಡದು ಬಂದಾಗ ಹಿಂಗ ಏಲಕ್ಕಿ ತಿಂತಿದ್ದ. ಮಂದಿ ಮುಂದ ಮಗನ ಮಾನ ಯಾಕ ಕಳೀಲಿ ಅಂತ ಸುಮ್ಮನಾದೆ. ಗುಡಿಗೆ ಬಸ್ಸಿನ್ಯಾಗ ಹೋಗೋಣು ಅಂತ ಸೊಸಿಗೆ ಮೊದಲ ಹೇಳಿ ಇಟ್ಟಿದ್ದೆ."

ಸವಿತಾ ಕಡೆ ತಿರುಗಿ ನೋಡಿದೆ. ಆಕೆ ಹಣೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ಕೇಳಿದರೆ, "ಅವ್ವಗ ಕಾರಿನ್ಯಾಗ ಹೊಟ್ಟಿ ತೊಳಸ್ತದ, ಅದಕ್ಕ ಬಸ್ ಅಂತಾರ ಅಂತ ತಿಳಕೊಂಡಿದ್ದೆ ಅಕ್ಕಾರ" ಎಂದಳು. ಕೀಲಿ ತೆಗೆದದ್ದು ಪೂಜೆಯ ಶಾಸ್ತ್ರಕ್ಕೆಂದು ಬಸವರಾಜ ತಿಳಿದಿದ್ದನಂತೆ. ಇವನ್ನೆಲ್ಲ ಮೊದಲೇ ಹೇಳಿದ್ದರೆ ನನ್ನ ಎಷ್ಟು ರಕ್ತ ಉಳಿಯುತ್ತಿತ್ತು.

ಮೆದು ದನಿಯ ವಕೀಲ ಎದ್ದ. ಕುಡಿದದ್ದು ಗೊತ್ತಿದ್ದೂ ಎರಡು ಹೆಜ್ಜೆಯಾದರೂ ಓಡಿಸಲು ಬಿಟ್ಟದ್ದೇಕೆ ಎಂದು ಕೇಳಿದ. ಸರಿಯಾದ ಪ್ರಶ್ನೆ. ನೀಲವ್ವ ಕೊರಳಿನ ಲಿಂಗ ಮುಟ್ಟಿಕೊಂಡರು.

"ಅದು ನನ್ನ ತಪ್ಪು. ರಾಹುಕಾಲ ಬರ್ತಿತ್ತು, ಅವಸರಕ್ಕ ಬಿದ್ದೆ. ಮಂದೀನೆಲ್ಲಾ ಫುಟ್‌ಪಾತಿಗೆ ಹತ್ತಿಸಿ, ನಾ ಬಾಗಲಾ ಹಿಡಕೊಂಡು ಬಾಜೂಕ ನಡದೆ. ಆದ್ರೂ ತಪ್ಪ. ದಂಡ ಹಾಕೂದಿದ್ರ ನನಗ ಹಾಕ್ರಿ. ಅವನ ಗಾಡಿ ಕಸಗೋಬ್ಯಾಡ್ರಿ, ಮಕ್ಕಳದಾವ."

ಎಳೆಯ ವಕೀಲ ಕೂತ. ಮ್ಯಾಜಿಸ್ಟ್ರೇಟರು ಒಳಗೆ ಹೋಗಿ ಬಂದರು. ದಂಡ ಹಾಕಿದರು, ಲೈಸನ್ಸಿನ ಮೇಲೆ ತಪ್ಪಿನ ಪಾಯಿಂಟ್ ಬರೆದರು, ಆದರೆ ರದ್ದು ಮಾಡಲಿಲ್ಲ. ಮುಂದೆ ಓಡಿಸುವ ಅವಕಾಶವನ್ನು ತಾಯಿಯೇ ಕಿತ್ತುಕೊಂಡಿದ್ದರು ಎಂಬುದನ್ನು ನಂಬುತ್ತೇವೆ ಎಂದರು. ಆಮೇಲೆ ಆ ನಡುವಿನ ಹೆಂಗಸು ಕನ್ನಡಕದ ಮೇಲಿಂದ ಬಸವರಾಜನನ್ನು ನೋಡಿ, ಮುಂದಿನ ಸಲ ನಿಂಬೆಹಣ್ಣು ಮೊದಲು, ಬಿಯರ್ ಆಮೇಲೆ ಎಂದು ಗಂಭೀರವಾಗಿಯೇ ಹೇಳಿದರು.

ಹೊರಗೆ ಬಂದೆವು. ಬಸ್ ಸ್ಟಾಪಿನವರೆಗೂ ಬಸವರಾಜ ತಾಯಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದ. ಅವನಿಗೆ ಬೈಯಲು ನಾನು ಒಳ್ಳೊಳ್ಳೆಯ ಮಾತು ಕೂಡಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವನೇ ತಾಯಿಯ ಹತ್ತಿರ ಬಂದು, "ಎಲ್ಲಾ ಗೊತ್ತಿತ್ತು ಅಂದ್ರ ಇಷ್ಟ ದಿನ ಯಾಕ ಸುಮ್ನಿದ್ದಿ ಅವ್ವ?" ಎಂದು ಕೇಳಿದ.

ನೀಲವ್ವ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು.

"ನೀ ಮುಚ್ಚಿಡತಿದ್ದಿ ಅಂದ್ರ ಇನ್ನೂ ನಾಚಿಕಿ ಐತಿ ಅಂತ ಧೈರ್ಯ ಇತ್ತು ನನಗ. ನಿಮ್ಮಪ್ಪ ಏಲಕ್ಕಿ ತಿನ್ನೂದು ಬಿಟ್ಟು ಹಂಗ ಮನಿಗೆ ಬರಾಕ ಹತ್ತಿದ ಮ್ಯಾಲೆ ನನ್ನ ಕೈಗೆ ಸಿಗಲಿಲ್ಲ."

ಬಸವರಾಜ ಅಳುತ್ತಿದ್ದ. ಬಸ್ಸು ಕಾಯುತ್ತಿದ್ದವರು ಬೇರೆ ಕಡೆ ನೋಡಿದರು.

"ಇನ್ನ ಮ್ಯಾಲೆ ಏಲಕ್ಕಿ ಮುಟ್ಟಂಗಿಲ್ಲವ್ವ" ಎಂದ.

"ಹಂಗ ಅನಬ್ಯಾಡ. ಇವತ್ತ ಪಾಯಸ ಮಾಡ್ತೀನಿ" ಎಂದರು ನೀಲವ್ವ. "ಆರಿಸಿ ಒಗದ್ರ ನೋಡು."